ತಾರಸಿ ಗಿಡಗಳಿಗೆ ಅಮೈನೋ ಆಮ್ಲದ ಬಾಟಲಿ: ನಾಲ್ಕು ತಿಂಗಳು ಬಳಸಿದ ಮೇಲೆ

2024ರ ಮಾರ್ಚ್ ಎರಡನೇ ವಾರ ಲಾಲ್‌ಬಾಗ್ ಹತ್ತಿರದ ಒಂದು ನರ್ಸರಿಯಲ್ಲಿ ಈ ಬಾಟಲಿ ಕೊಂಡೆ. 250 ಎಂಎಲ್‌ಗೆ 380 ರೂಪಾಯಿ. ಆ ಬೇಸಿಗೆ ಬೆಂಗಳೂರಿನವರಿಗೆಲ್ಲ ನೆನಪಿರುತ್ತದೆ. ಬೋರ್‌ವೆಲ್‌ಗಳು ಬತ್ತಿದ್ದವು. ಟ್ಯಾಂಕರ್‌ಗೆ ಫೋನ್ ಮಾಡಿದರೆ ನಾಳೆ, ನಾಡಿದ್ದು ಎನ್ನುತ್ತಿದ್ದರು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿಯ ಆದೇಶವೂ ಬಂದಿತ್ತು. ಹನುಮಂತನಗರದ ನಮ್ಮ ತಾರಸಿಯಲ್ಲಿ 34 ಕುಂಡಗಳಿವೆ. ಅಕ್ಕಿ ತೊಳೆದ ನೀರು, ಆರ್‌ಓ ಮೆಷಿನ್ ಹೊರಗೆ ಬಿಡುವ ನೀರು, ಇಷ್ಟೇ ಅವಕ್ಕೆ ಸಿಗುತ್ತಿದ್ದದ್ದು.

"ಅಮ್ಮಾ, ಇದರಲ್ಲಿ ಪ್ರೋಲೀನ್ ಇದೆ. ನೀರಿಲ್ಲದ ಟೈಮಿಗೆ ಅಂತಲೇ ಇರೋದು. ಒಂದ್ಸಲ ಹೊಡೆದು ನೋಡಿ" ಎಂದ ಅಂಗಡಿಯ ಹುಡುಗ. ಪ್ರೋಲೀನ್ ಒಂದು ಅಮೈನೋ ಆಮ್ಲ, ಪ್ರೋಟೀನು ಕಟ್ಟುವ ಇಟ್ಟಿಗೆಗಳಲ್ಲಿ ಒಂದು. ಆ ಹೆಸರು ಕೇಳಿದ ಮೇಲೆ ನನಗೆ ಬಾಟಲಿ ವಾಪಸ್ ಇಡಲು ಮನಸ್ಸು ಬರಲಿಲ್ಲ. 26 ವರ್ಷ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡಿದವಳು ನಾನು. ಪ್ರೋಲೀನ್ ಪಾಠ ಬಂದ ದಿನ ಗಂಟೆ ಹೊಡೆದರೂ ಗೊತ್ತಾಗುತ್ತಿರಲಿಲ್ಲ.

ಹುಡುಗ ಹೇಳಿದ್ದು ಸುಳ್ಳಲ್ಲ. ನೀರು ಸಿಗದೆ ಬಾಡುವ ಗಿಡ ತನ್ನೊಳಗೆ ಪ್ರೋಲೀನ್ ಕೂಡಿಡುತ್ತದೆ. 1954ರಲ್ಲಿ ಕೆಂಬಲ್ ಮತ್ತು ಮ್ಯಾಕ್‌ಫರ್ಸನ್ ಎಂಬ ವಿಜ್ಞಾನಿಗಳು ಬಾಡಿದ ರೈ ಹುಲ್ಲಿನಲ್ಲಿ ಇದನ್ನು ಕಂಡರು. ಆಮೇಲೆ ಎಷ್ಟೋ ಬೆಳೆಗಳಲ್ಲಿ ಇದೇ ಕಂಡುಬಂತು. ಮಣ್ಣಿನಲ್ಲಿ ಉಪ್ಪು ಜಾಸ್ತಿಯಾದರೂ ಹೀಗೇ ಆಗುತ್ತದೆ. ಜೀವಕೋಶದ ನೀರು ಹೊರಗೆ ಹೋಗದಂತೆ ಇದು ಹಿಡಿದಿಡುತ್ತದೆ, ಪ್ರೋಟೀನುಗಳು ಕೆಡದಂತೆ ಕಾಯುತ್ತದೆ. ಲೇಬಲ್ ಮೇಲೆ ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಹಾಕಿದ್ದಾರೆ.

ಉಳಿದ ಅರ್ಧ ಕಥೆ ಅಲ್ಲಿಲ್ಲ. ಕೂಡಿಟ್ಟ ಪ್ರೋಲೀನ್ ಆಮೇಲೆ ಏನಾಗುತ್ತದೆ? ಅದನ್ನು ಒಡೆಯಲು ಒಂದು ಕಿಣ್ವ (ಎಂಜೈಮ್) ಇದೆ, ಪ್ರೋಲೀನ್ ಡಿಹೈಡ್ರೋಜಿನೇಸ್. ಜೀವಕೋಶಕ್ಕೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾದ ಒಳಪೊರೆಗೆ ಅಂಟಿಕೊಂಡು ಕೂತಿರುತ್ತದೆ. ಪ್ರೋಲೀನಿನಿಂದ ಎಲೆಕ್ಟ್ರಾನ್ ಕಿತ್ತು ಉಸಿರಾಟದ ಸರಪಳಿಗೆ ಕೊಡುತ್ತದೆ. ಉಳಿಯುವುದು ಪಿ5ಸಿ ಎಂಬ ಪದಾರ್ಥ. ಎರಡನೇ ಕಿಣ್ವ ಅದನ್ನು ಗ್ಲುಟಮೇಟ್ ಎಂಬ ಬೇರೆ ಅಮೈನೋ ಆಮ್ಲ ಮಾಡುತ್ತದೆ. ಪೂರ್ತಿ ಉರಿದರೆ ಒಂದು ಪ್ರೋಲೀನ್ ಅಣುವಿನಿಂದ ಸುಮಾರು 30 ಎಟಿಪಿ, ಅಂದರೆ ಜೀವಕೋಶ ಖರ್ಚು ಮಾಡುವ ಶಕ್ತಿಯ ಚಿಲ್ಲರೆ, ಸಿಗುತ್ತದೆ. ಆಫ್ರಿಕಾದ ತ್ಸೆತ್ಸೆ ನೊಣ ಹಾರುವುದೇ ಈ ಇಂಧನದಲ್ಲಿ!

ನನಗೆ ಇವತ್ತಿಗೂ ಮೈ ಜುಮ್ಮೆನ್ನುವುದು ಇದರ ಹೊತ್ತುಗೊತ್ತು ನೋಡಿ. ಬರ ಇರುವಾಗ ಗಿಡ ಈ ಕಿಣ್ವದ ಜೀನನ್ನು ಅದುಮಿಡುತ್ತದೆ. ನೀರು ಬಿದ್ದ ಕೂಡಲೇ ಅದೇ ಜೀನ್ ಎದ್ದು ಕೂರುತ್ತದೆ. ಅರಾಬಿಡಾಪ್ಸಿಸ್ ಎಂಬ ಸಾಸಿವೆ ಬಳಗದ ಪುಟ್ಟ ಗಿಡದಲ್ಲಿ 1996ರಲ್ಲೇ ಇದನ್ನು ತೋರಿಸಿದ್ದಾರೆ. ಕಷ್ಟದಲ್ಲಿ ಕೂಡಿಟ್ಟದ್ದನ್ನು ಗಿಡ ಚೇತರಿಸಿಕೊಳ್ಳುವಾಗ ಖರ್ಚು ಮಾಡುತ್ತದೆ. ಹೊಸ ಚಿಗುರಿಗೆ ಬೇಕಾದ ಶಕ್ತಿ, ಸಾರಜನಕ ಎರಡೂ ಅದರಲ್ಲಿವೆ.

ಹಾಗಾಗಿ ಸುಮ್ನೆ ಹೊಡೆಯದೆ ಹನ್ನೆರಡು ಮೆಣಸಿನ ಗಿಡ ಆರಿಸಿಕೊಂಡೆ. ಎಲ್ಲವೂ ಒಂದೇ ದಿನ ನೆಟ್ಟವು. ಆರಕ್ಕೆ ಈ ದ್ರಾವಣ, ಲೀಟರ್ ನೀರಿಗೆ 2 ಎಂಎಲ್, ಹತ್ತು ದಿನಕ್ಕೊಮ್ಮೆ ಸಂಜೆ. ಇನ್ನಾರಕ್ಕೆ ಬರೀ ನೀರು. ಬುಡಕ್ಕೆ ಎಲ್ಲದಕ್ಕೂ ಮೂರು ದಿನಕ್ಕೊಮ್ಮೆ ಒಂದೊಂದು ಚೊಂಬು.

ಮಾರ್ಚ್, ಏಪ್ರಿಲ್ ಪೂರ್ತಿ ನನಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಮಧ್ಯಾಹ್ನ ಹನ್ನೆರಡೂ ತಲೆ ಬಾಗಿಸುತ್ತಿದ್ದವು. ಮೇ ಶುರುವಿನಲ್ಲಿ ಮಳೆ ಬಂತಲ್ಲ, ಆಗ ಕಂಡಿತು. ದ್ರಾವಣ ಬಿದ್ದ ಆರರಲ್ಲಿ ಐದು ಗಿಡ ನಾಲ್ಕನೇ ದಿನಕ್ಕೆ ಚಿಗುರಿದವು. ಉಳಿದವು ಚಿಗುರಲು ವಾರ ಹಿಡಿಯಿತು. ಹನ್ನೆರಡೇ ಕುಂಡದ ಲೆಕ್ಕ ಇದು, ಬಾಟಲಿಯಲ್ಲಿ ಬೇರೆ ಅಮೈನೋ ಆಮ್ಲಗಳೂ ಇವೆ. ಆದರೂ ನನ್ನ ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ. ಬಳಸುವವರು ಗಿಡ ಸೊರಗಿ ಬಿದ್ದಾಗ ಹೊಡೆಯಬೇಡಿ. ನೀರು ಕೊಟ್ಟ ದಿನ ಸಂಜೆ ಹೊಡೆಯಿರಿ. ಈ ಕಿಣ್ವದ ಜೀನ್ ಕತ್ತಲಲ್ಲೇ ಜಾಸ್ತಿ ಕೆಲಸ ಮಾಡುತ್ತದೆ ಎಂದೂ ಅರಾಬಿಡಾಪ್ಸಿಸ್‌ನಲ್ಲಿ ಕಂಡಿದ್ದಾರೆ.

ಜಾಸ್ತಿ ಹಾಕಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಒಂದು ಟೊಮೆಟೊ ಗಿಡಕ್ಕೆ ಲೀಟರಿಗೆ 5 ಎಂಎಲ್ ಬೆರೆಸಿ ಹೊಡೆದೆ. ಮೂರನೇ ದಿನ ಎಲೆಯಂಚು ಸುಟ್ಟಂತೆ ಕಂದಾಯಿತು. ದ್ರಾವಣದ ಉಪ್ಪೂ ಕಾರಣ ಇರಬಹುದು. ಆದರೆ ಹೊರಗಿನಿಂದ ಪ್ರೋಲೀನ್ ಸುರಿದರೆ ಗಿಡಕ್ಕೆ ವಿಷವಾಗಬಲ್ಲದು ಎನ್ನುವುದು ಗೊತ್ತಿರುವ ಸಂಗತಿ. ಪಿ5ಸಿಯನ್ನು ಗ್ಲುಟಮೇಟ್ ಮಾಡುವ ಆ ಎರಡನೇ ಕಿಣ್ವ ಕೆಟ್ಟಿರುವ ಗಿಡಗಳಂತೂ ಪ್ರೋಲೀನ್ ತಗುಲಿದರೆ ತಡೆಯಲಾರವು. ಮೊದಲನೆಯದು ಕಿತ್ತ ಎಲೆಕ್ಟ್ರಾನ್ ದಾರಿ ತಪ್ಪಿದರೆ ಜೀವಕೋಶವನ್ನು ಸುಡುವ ಆಮ್ಲಜನಕದ ರೂಪಗಳು ಹುಟ್ಟುತ್ತವೆ. ನಮ್ಮ ಮೈಯಲ್ಲೂ ಈ ಮೊದಲನೇ ಕಿಣ್ವ ಇದೆ, ಅದರ ಜೀನ್ 22ನೇ ಕ್ರೋಮೋಸೋಮಿನಲ್ಲಿದೆ. ಹಾಳಾದ ಜೀವಕೋಶವನ್ನು ಕೊಲ್ಲಬೇಕಾದಾಗ ಪಿ53 ಎಂಬ ಪ್ರೋಟೀನ್ ಇದನ್ನೇ ಎಬ್ಬಿಸುತ್ತದೆ. ಒಂದೇ ಕಿಣ್ವ, ಹೊತ್ತು ನೋಡಿ ಅನ್ನವೂ ಆಗುತ್ತದೆ, ಬೆಂಕಿಯೂ ಆಗುತ್ತದೆ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಚೆನ್ನಾಗಿ ಕರಗುತ್ತದೆ, ಸ್ಪ್ರೇಯರ್ ಮೂತಿ ಕಟ್ಟಿಕೊಳ್ಳಲಿಲ್ಲ, ಬಾಟಲಿ ಮುಚ್ಚಳದಲ್ಲೇ ಅಳತೆ ಗೆರೆ ಇದೆ. ಎರಡು ಅಂಕ ಕಳೆದದ್ದು ಲೇಬಲ್ಲಿಗೆ. 18 ಅಮೈನೋ ಆಮ್ಲಗಳು ಎಂದು ಬರೆದಿದ್ದಾರೆ. ಪ್ರೋಲೀನ್ ಎಷ್ಟು ಎಂದು ಎಲ್ಲೂ ಇಲ್ಲ. ಬರಕ್ಕೆ ಎಂದು ಹೇಳಿ ಮಾರುವವರು ಅದೊಂದನ್ನು ಬರೆಯಬೇಕು ಅಲ್ವಾ?

ಯಾವುದರಿಂದ ಮಾಡಿದ್ದು ಎಂದೂ ಇಲ್ಲ. ಇಂಥ ದ್ರಾವಣವನ್ನು ಸೋಯಾದಿಂದಲೂ ಮಾಡುತ್ತಾರೆ, ಮೀನು, ಚರ್ಮದ ತುಂಡುಗಳಿಂದಲೂ ಮಾಡುತ್ತಾರೆ. ಚರ್ಮದ ಕೊಲಾಜೆನ್‌ನಲ್ಲಿ ಪ್ರೋಲೀನ್ ಮತ್ತು ಅದರ ಜೋಡಿ ಹೈಡ್ರಾಕ್ಸಿಪ್ರೋಲೀನ್ ಸೇರಿ ಐದನೇ ಒಂದು ಭಾಗದಷ್ಟು ಇರುತ್ತದೆ. ಗಿಡಕ್ಕೆ ಅದರಿಂದ ತೊಂದರೆ ಇಲ್ಲ. ನಮ್ಮ ಅತ್ತೆಗೆ ಇದೆ. ಬಾಟಲಿ ತೆರೆದ ದಿನವೇ "ಇದೇನು ಮೀನಿನ ವಾಸನೆ?" ಎಂದು ಕೇಳಿದರು. ದೇವರಿಗೆ ಏರಿಸುವ ಕನಕಾಂಬರ, ತುಳಸಿ ಅದೇ ತಾರಸಿಯಲ್ಲಿವೆ. ಬಾಟಲಿ ಮೇಲಿನ ನಂಬರಿಗೆ ಎರಡು ಸಲ ಫೋನ್ ಮಾಡಿದೆ. ವಿಚಾರಿಸಿ ತಿಳಿಸುತ್ತೇವೆ ಮೇಡಂ ಎಂದರು. ಜೂನ್ ಮುಗಿಯಿತು, ಫೋನ್ ಬರಲಿಲ್ಲ. ಅವೆರಡು ಗಿಡಕ್ಕೆ ನಾನು ಇದನ್ನು ಹಾಕಿಲ್ಲ. ಅಕ್ಕಿ ತೊಳೆದ ನೀರಿನಲ್ಲೇ ಇವೆ.