ಮಗುವಿನ ಹಳೆಯ ಬಟ್ಟೆ: ಕನ್‌ಸೈನ್‌ಮೆಂಟ್ ಅಂಗಡಿಯೋ, ಮಾರಾಟ ಮೇಳವೋ?

ಮಗುವಿನ ಹಳೆಯ ಬಟ್ಟೆ ಮಾರಲು ಅಮೆರಿಕದಲ್ಲಿರುವವರಿಗೆ ಎರಡು ದಾರಿಗಳಿವೆ. ನಿಮ್ಮ ಪರವಾಗಿ ಮಾರಿಕೊಟ್ಟು ಪಾಲು ಇಟ್ಟುಕೊಳ್ಳುವ ಕನ್‌ಸೈನ್‌ಮೆಂಟ್ ಅಂಗಡಿಗೆ ಕೊಟ್ಟರೆ ಬೆಲೆ ಕಟ್ಟುವುದು, ಮಾರುವುದು ಎಲ್ಲವೂ ಅವರದೇ. ಮಾರಾಟವಾದ ಮೇಲೆ ನಿಮ್ಮ ಪಾಲು ಸಾಮಾನ್ಯವಾಗಿ ಅರ್ಧದ ಆಸುಪಾಸು.

ಎರಡನೆಯ ದಾರಿ, ವಸಂತ ಮತ್ತು ಶರತ್ಕಾಲದಲ್ಲಿ ನಡೆಯುವ ಮಕ್ಕಳ ಹಳೆಯ ವಸ್ತುಗಳ ಮಾರಾಟ ಮೇಳಗಳಲ್ಲಿ ಹೆಚ್ಚಾಗಿ ಶೇ. 60–70 ಕೈಗೆ ಬರುತ್ತದೆ. ಆದರೆ ದುಡಿಮೆ ನಿಮ್ಮದು: ಪ್ರತಿ ಅಂಗಿಗೂ ಹ್ಯಾಂಗರ್, ಬಾರ್‌ಕೋಡ್ ಚೀಟಿ, ಅಂಗಿ-ಚಡ್ಡಿ ಬೇರ್ಪಡದಂತೆ ಸೇಫ್ಟಿ ಪಿನ್. ಚೀಟಿಯಲ್ಲಿ ರಿಯಾಯಿತಿಗೆ ಒಪ್ಪಿದ್ದರೆ ಕೊನೆಯ ದಿನ ಅರ್ಧ ಬೆಲೆಗೇ ಹೋಗುತ್ತದೆ. ಒಳ್ಳೆಯ ಚಳಿಗಾಲದ ಕೋಟ್‌ಗೆ ನಾನಂತೂ ಒಪ್ಪುವುದಿಲ್ಲ.

ಮೂಟೆಗಟ್ಟಲೆ ಇದ್ದರೆ ಮೇಳ, ನಾಲ್ಕೇ ಬೆಲೆಬಾಳುವ ಉಡುಪುಗಳಿದ್ದರೆ ಅಂಗಡಿ. ಕೊಳ್ಳಲು ಮೇಳವೇ ಲೇಸು. ಸ್ವಯಂಸೇವಕರಾದರೆ ಬಹುತೇಕ ಕಡೆ ಮೊದಲೇ ಒಳಗೆ ಬಿಡುತ್ತಾರೆ. ಎಲ್ಲಿ ಕೊಂಡರೂ ಮಗುವಿನ ಕಾರ್ ಸೀಟಿನ ಬಳಕೆಯ ಅವಧಿ ಮುಗಿದಿದೆಯೇ ನೋಡಿ. ಪಕ್ಕದ ಕಟಕಟೆ ಕೆಳಗಿಳಿಯುವ ತೊಟ್ಟಿಲನ್ನು ಮುಟ್ಟಲೇಬೇಡಿ, ಅದರ ಮಾರಾಟ 2011ರಿಂದ ನಿಷಿದ್ಧ.