ಕಾಲಿಗಿಳಿದ ಸೊಂಟನೋವು, 22 ಮೆಟ್ಟಿಲು, ಒಂದು ಇಂಚು ಟೇಪು

ಮೊದಲೇ ಹೇಳಿಬಿಡುತ್ತೇನೆ, ಈ ಫಿಸಿಯೋಥೆರಪಿ ಕ್ಲಿನಿಕ್ಕಿನ ಹೆಸರು ಬರೆಯುವುದಿಲ್ಲ. ಹೊಗಳುವುದರ ಜೊತೆ ಬೈಯುವುದೂ ಇದೆ, ಮತ್ತೆ ಅದೇ ರಸ್ತೆಯಲ್ಲಿ ಓಡಾಡಬೇಕಾದವಳು ನಾನು. ಶಿವಮೊಗ್ಗದ ದುರ್ಗಿಗುಡಿ ಕಡೆ ಇದೆ. ಮೊದಲನೇ ಮಹಡಿ, 22 ಮೆಟ್ಟಿಲು, ಲಿಫ್ಟ್ ಇಲ್ಲ. ಸೊಂಟ ಹಿಡಿದವರು, ಮಂಡಿ ಸವೆದವರು ಬರುವ ಜಾಗವನ್ನು ಮಹಡಿ ಮೇಲೆ ಇಡಬೇಕು ಅಂತ ಯಾರಿಗೆ ಹೊಳೆಯಿತೋ! ಮೊದಲ ದಿನ ಕಂಬಿ ಹಿಡಿದು ಹತ್ತುವಾಗ ಮಧ್ಯದಲ್ಲಿ ಕೂತು ಅತ್ತಿದ್ದೇನೆ.

ನಾನು ಗಾಂಧಿ ಬಜಾರ್ ಹತ್ತಿರ ಬ್ಲೌಸ್ ಹೊಲಿಯುತ್ತೇನೆ. 23 ವರ್ಷ ಆಯಿತು. ಗೌರಿ ಹಬ್ಬದ ಮುಂಚಿನ ಒಂದು ತಿಂಗಳು ನಮಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. ಹೋದ ಸಲ ಹಬ್ಬಕ್ಕೆ ಇನ್ನೂ ಆರು ವಾರ ಇತ್ತು, ಹೊರಗೆ ಬಿಡದ ಮಳೆ. ನೆಲದ ಮೇಲೆ ಬಟ್ಟೆ ಹಾಸಿ ಬಗ್ಗಿ ಕತ್ತರಿಸುತ್ತಿದ್ದೆ. ಏಳುವಾಗ ಸೊಂಟದಲ್ಲಿ ಚಳಕ್ ಅಂತು. ಮಾರನೇ ದಿನ ನೋವು ಬಲಗಡೆ ಕುಂಡೆಯಿಂದ ಹೊರಟು ತೊಡೆಯ ಹಿಂಭಾಗ, ಮೀನಖಂಡ ದಾಟಿ ಕಾಲಿನ ಕಿರುಬೆರಳಿನ ತನಕ ಇಳಿಯಿತು. ಒಳಗೆ ಯಾರೋ ಬಿಸಿ ತಂತಿ ಎಳೆದ ಹಾಗೆ. ಸೀನು ಬಂದರೆ ಜೀವ ಹೋಗುತ್ತಿತ್ತು.

ಎಣ್ಣೆ ತಿಕ್ಕಿಸಿಕೊಂಡೆ. ಉಳುಕು ತೆಗೆಯುವವರ ಹತ್ತಿರವೂ ಹೋದೆ. "ಹಾಸಿಗೆ ಬಿಟ್ಟು ಏಳಲೇಬೇಡ ಕಣೇ" ಅಂದರು ಅತ್ತೆ. ಹತ್ತು ದಿನ ಮಲಗಿಯೇ ಇದ್ದೆ, ಸೊಂಟ ಇನ್ನೂ ಮರಗಟ್ಟಿತು ಅಷ್ಟೇ. ಕೊನೆಗೆ ಮೂಳೆ ಡಾಕ್ಟರು ಎಂಆರ್‌ಐ ಮಾಡಿಸಿದರು. ಎಲ್5-ಎಸ್1 ಹತ್ತಿರ, ಅಂದರೆ ಬೆನ್ನುಮೂಳೆಯ ಬುಡದಲ್ಲಿ, ಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಹೊರಗೆ ಚಾಚಿ ನರಕ್ಕೆ ತಾಗುತ್ತಿದೆ ಅಂತ ಬಂತು. ಆಪರೇಷನ್ ಈಗ ಬೇಡ, ಮಾತ್ರೆ ತಗೊಳ್ಳಿ, ಫಿಸಿಯೋಥೆರಪಿಗೆ ಹೋಗಿ ಅಂದರು. ಹೀಗೆ 22 ಮೆಟ್ಟಿಲಿನ ಹತ್ತಿರ ಬಂದೆ.

ಫಿಸಿಯೋ ಮೇಡಂ ಚಿಕ್ಕ ವಯಸ್ಸಿನವರು. ಮೊದಲ ದಿನ ಮುಕ್ಕಾಲು ಗಂಟೆ ನೋಡಿದರು, ಇದಕ್ಕೆ ಪೂರ್ತಿ ಮಾರ್ಕ್ಸ್ ಕೊಡುತ್ತೇನೆ. ಅಂಗಾತ ಮಲಗಿಸಿ ಮಂಡಿ ಬಗ್ಗಿಸದೆ ಕಾಲು ಎತ್ತಿದರು. ಎಡಗಾಲು ಆರಾಮಾಗಿ ಮೇಲೆ ಹೋಯಿತು. ಬಲಗಾಲು ಅರ್ಧ ದಾರಿಗೂ ಹೋಗಲಿಲ್ಲ, ಕರೆಂಟ್ ಹೊಡೆದ ಹಾಗಾಗಿ ಕೂಗಿಕೊಂಡೆ. ಆಮೇಲೆ ಗೋಡೆ ಹಿಡಿದು ಒಂಟಿಕಾಲಿನ ತುದಿಬೆರಳ ಮೇಲೆ ಏಳಲು ಹೇಳಿದರು. ಎಡಗಾಲಲ್ಲಿ ಹತ್ತು ಸಲ ಎದ್ದೆ. ಬಲಗಾಲಲ್ಲಿ ನಾಲ್ಕಕ್ಕೆ ಹಿಮ್ಮಡಿ ಕೆಳಗೆ ಬಿತ್ತು. "ಆಂಟಿ, ನೀವು ಮೆಷಿನ್ ತುಳಿಯೋದು ಯಾವ ಕಾಲಲ್ಲಿ?" ಬಲಗಾಲಲ್ಲಿ. ಪಾದವನ್ನು ಕೆಳಗೆ ಒತ್ತುವ ಶಕ್ತಿ ಬರುವುದೇ ಆ ಅಮುಕಿಹೋಗಿರುವ ನರದಿಂದ ಅಂದರು. ಒಂದು ತಿಂಗಳಿಂದ ಮೆಷಿನ್ ಯಾಕೆ ಭಾರ ಅನ್ನಿಸುತ್ತಿತ್ತು ಅಂತ ಅವತ್ತು ಗೊತ್ತಾಯಿತು. ಸುಮ್ನೆ ಅದಕ್ಕೆ ಎಣ್ಣೆ ಬಿಟ್ಟಿದ್ದೇ ಬಿಟ್ಟಿದ್ದು.

ಇನ್ನೊಂದು ಪ್ರಶ್ನೆ ಕೇಳಿದರು, ನಾಚಿಕೆಯಾದರೂ ಇಲ್ಲಿ ಬರೆಯುತ್ತೇನೆ. ಮೂತ್ರ ಕಟ್ಟಿಕೊಳ್ಳುತ್ತಾ, ಗೊತ್ತಿಲ್ಲದೆ ಹೋಗಿಬಿಡುತ್ತಾ? ಕೂರುವ ಜಾಗದ ಸುತ್ತ ಜೋಮು ಹಿಡಿದಿದೆಯಾ? ನಡೆಯುವಾಗ ಪಾದ ಜೋತು ಬೀಳುತ್ತಾ? ಇವು ಶುರುವಾದರೆ ನಮ್ಮ ಹತ್ತಿರ ಬರಬೇಡಿ, ರಾತ್ರಿಯಾದರೂ ಸರಿ, ನೇರ ಆಸ್ಪತ್ರೆಗೆ ಹೋಗಿ ಅಂದರು. ಇದನ್ನು ಎಣ್ಣೆಯವರೂ ಹೇಳಿರಲಿಲ್ಲ, ಉಳುಕಿನವರೂ ಹೇಳಿರಲಿಲ್ಲ.

ರಿಪೋರ್ಟು ನೋಡಿ ನಾನು ಹೆದರಿದ್ದೆ. ಅದಕ್ಕೆ ಅವರು ಒಂದು ವಿಷಯ ಹೇಳಿದರು. 1994ರಲ್ಲಿ ಬಂದ ಅಮೆರಿಕದ ಒಂದು ಅಧ್ಯಯನದಲ್ಲಿ ಬೆನ್ನುನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿದ್ದರಂತೆ. ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಡಿಸ್ಕ್ ಉಬ್ಬಿತ್ತು. ಉಬ್ಬಿದ್ದೆಲ್ಲ ನೋಯುವುದಿಲ್ಲ, ಚಾಚಿಕೊಂಡಿದ್ದು ಎಷ್ಟೋ ಸಲ ತಾನೇ ಕರಗಿ ಒಳಗೆ ಹೋಗುತ್ತದೆ ಅಂದರು. ಅವತ್ತು ರಾತ್ರಿ ನಿದ್ದೆ ಬಂತು.

ಈಗ ಬೈಗುಳ. ಎರಡನೇ ದಿನದಿಂದ ಮೇಡಂ ಸಿಗುವುದು ಐದು ನಿಮಿಷ. ಉಳಿದಿದ್ದೆಲ್ಲ ಸಹಾಯಕ ಹುಡುಗನ ಕೈಯಲ್ಲಿ. ಅವನು ಸೊಂಟಕ್ಕೆ ನಾಲ್ಕು ಪ್ಯಾಡ್ ಅಂಟಿಸಿ ಕರೆಂಟ್ ಮೆಷಿನ್ ಹಚ್ಚಿ ಮೊಬೈಲ್ ನೋಡುತ್ತಾ ಕೂರುತ್ತಾನೆ. ಐಎಫ್‌ಟಿ ಅನ್ನುತ್ತಾರೆ ಅದಕ್ಕೆ. ಮೈಮೇಲೆ ಇರುವೆ ಹರಿದ ಹಾಗೆ ಹಿತವಾಗಿರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆಟೋ ಅಮೀರ್ ಅಹಮದ್ ಸರ್ಕಲ್ ತಲುಪುವಷ್ಟರಲ್ಲಿ ನೋವು ವಾಪಸ್. ಪಾಪ, ಸುಮಾರು ಜನ ಆ ಮೆಷಿನ್ನಿಗಾಗಿಯೇ ಬರುತ್ತಾರೆ. ದುಡ್ಡು ಕೊಟ್ಟ ಮೇಲೆ ಏನಾದರೂ ಹಚ್ಚಬೇಕು ಅಂತ ನಮಗೂ ಇರುತ್ತಲ್ವಾ.

ನನಗೆ ಕೆಲಸ ಮಾಡಿದ್ದು ಬೇರೆ, ಅದಕ್ಕೆ ಕರೆಂಟೇ ಬೇಡ. ಬೋರಲು ಮಲಗುವುದು, ಮೊದಲು ಮೊಣಕೈ ಊರುವುದು, ಆಮೇಲೆ ಅಂಗೈ ಊರಿ ಎದೆ ಎತ್ತುವುದು. ಸೊಂಟ ಸಡಿಲ ಬಿಟ್ಟು ನೆಲಕ್ಕೇ ಇರಬೇಕು. ಹತ್ತು ಸಲ, ಎರಡು ಗಂಟೆಗೊಮ್ಮೆ. "ಇದೇನೇ, ನಾಗರಹಾವಿನ ಹಾಗೆ?" ಅಂತ ಅತ್ತೆ ನಕ್ಕರು. ಭುಜಂಗಾಸನ ಅಲ್ವಾ ಅಂತ ನಾನೂ ಕೇಳಿದೆ. ನೋಡಲು ಹಾಗೇ ಇದೆ, ಆದರೆ ಇಲ್ಲಿ ಹಿಡಿದು ನಿಲ್ಲಿಸುವುದಿಲ್ಲ, ಮತ್ತೆ ಮತ್ತೆ ಮಾಡಿ ನೋವು ಎತ್ತ ಸರಿಯುತ್ತದೆ ಅಂತ ನೋಡುವುದು ಅಂದರು ಮೇಡಂ. ಇದರ ಕಥೆ ಚೆನ್ನಾಗಿದೆ. 1956ರಲ್ಲಿ ನ್ಯೂಜಿಲೆಂಡಿನ ರಾಬಿನ್ ಮೆಕೆಂಜಿ ಅನ್ನುವ ಫಿಸಿಯೋ ಹತ್ತಿರ ಕಾಲುನೋವಿನ ಒಬ್ಬರು ಬಂದಿದ್ದರಂತೆ. ತಲೆ ಕಡೆ ಎತ್ತರಿಸಿಟ್ಟಿದ್ದ ಮೇಜಿನ ಮೇಲೆ ಗೊತ್ತಿಲ್ಲದೆ ಬೋರಲು ಮಲಗಿಬಿಟ್ಟರು. ಸ್ವಲ್ಪ ಹೊತ್ತಿನ ನಂತರ ನೋಡಿದರೆ ಕಾಲುನೋವು ಇಲ್ಲ! ಅಲ್ಲಿಂದ ಈ ಪದ್ಧತಿ ಬೆಳೆಯಿತು.

ನಾಲ್ಕನೇ ದಿನ ಜಗಳ ಆಯಿತು. ಕಾಲುನೋವು ಮೀನಖಂಡಕ್ಕೆ ನಿಂತಿತ್ತು, ಆದರೆ ಸೊಂಟ ಮೊದಲಿಗಿಂತ ಜಾಸ್ತಿ ನೋಯುತ್ತಿತ್ತು. ದುಡ್ಡು ಕೊಟ್ಟು ನೋವು ಜಾಸ್ತಿ ಮಾಡಿಸಿಕೊಳ್ಳುತ್ತಿದ್ದೇನೆ, ಇನ್ನು ಬರಲ್ಲ ಅಂತ ಕೂಗಾಡಿದೆ. ಮೇಡಂ ಪರದೆ ಸರಿಸಿ ಬಂದು, "ಅಯ್ಯೋ ಆಂಟಿ, ನಮಗೆ ಬೇಕಾಗಿದ್ದೇ ಇದು" ಅಂದರು. ನೋವು ಕಾಲಿನಿಂದ ಮೇಲೆ ಹತ್ತಿ ಸೊಂಟಕ್ಕೆ ಬರುತ್ತಿದ್ದರೆ ನರ ಬಿಡಿಸಿಕೊಳ್ಳುತ್ತಿದೆ ಅಂತ ಲೆಕ್ಕ. ಸೊಂಟ ಹಗುರವಾಗಿ ನೋವು ಪಾದಕ್ಕೆ ಇಳಿದರೆ ಮಾತ್ರ ಅಲ್ಲೇ ನಿಲ್ಲಿಸಬೇಕು. ಈ ಎರಡು ಮಾತು ಮೊದಲ ದಿನವೇ ಹೇಳಿದ್ದರೆ ಏನಾಗುತ್ತಿತ್ತು? ಪಕ್ಕದ ಮಂಚದ ತೀರ್ಥಹಳ್ಳಿ ಕಡೆಯವರೊಬ್ಬರು ಹಿಂದಿನ ದಿನವೇ ಬಿಟ್ಟು ಹೋಗಿದ್ದರು, ಅವರಿಗೂ ಹೀಗೇ ಆಗಿತ್ತೋ ಏನೋ.

ಅವತ್ತು ಮನೆಗೆ ಬಂದು ಕೊರಳಲ್ಲಿದ್ದ ಇಂಚು ಟೇಪು ತೆಗೆದೆ. ಹಿಮ್ಮಡಿಯಿಂದ ನೋವು ನಿಂತ ಜಾಗಕ್ಕೆ ಅಳತೆ: 9 ಇಂಚು. ಬ್ಲೌಸ್ ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟೆ. ಎಂಟನೇ ದಿನ ಮಂಡಿಯ ಹಿಂದೆ, 16. ಹತ್ತನೇ ದಿನ ಹೊಲಿಗೆಗೆ ಎರಡು ಗಂಟೆ ಕೂತೆ, ಮತ್ತೆ 10ಕ್ಕೆ ಇಳಿಯಿತು. ಎದ್ದು ಬೋರಲು ಮಲಗಿದೆ, ಸಂಜೆಗೆ ವಾಪಸ್ 16. ಹದಿನಾಲ್ಕನೇ ದಿನ ನೋವು ತೊಡೆ ದಾಟಿ ಕುಂಡೆ ಹತ್ತಿರ, ಟೇಪು ಹಿಡಿಯಲು ಮಗಳನ್ನು ಕರೆಯಬೇಕಾಯಿತು. ಪುಸ್ತಕ ಮೇಡಂಗೆ ತೋರಿಸಿದರೆ ಫೋಟೋ ತೆಗೆದುಕೊಂಡರು.

ಎಲ್ಲರಿಗೂ ಇದೇ ವ್ಯಾಯಾಮ ಅಂದುಕೊಂಡು ಮನೆಯಲ್ಲಿ ಶುರು ಮಾಡಬೇಡಿ. ಅಲ್ಲಿಗೆ ಬರುತ್ತಿದ್ದ ಒಬ್ಬ ಅಜ್ಜಿಗೂ ಕಾಲಿಗೇ ನೋವು, ಆದರೆ ಅವರಿಗೆ ಬೆನ್ನುಮೂಳೆ ಒಳಗೆ ನರದ ದಾರಿ ಕಿರಿದಾಗಿತ್ತು. ಹಿಂದಕ್ಕೆ ಬಾಗಿದರೆ ನೋವು ಜಾಸ್ತಿ, ಮುಂದೆ ಬಗ್ಗಿದರೆ ಆರಾಮ. ನನ್ನದು ತಿರುವುಮುರುವು. ಅವರಿಗೆ ಮಂಡಿ ಎದೆಗೆ ಒತ್ತಿಕೊಳ್ಳುವುದು ಕೊಟ್ಟಿದ್ದರು.

ಖರ್ಚು: ಮೊದಲ ದಿನದ ತಪಾಸಣೆಗೆ 400, ಹತ್ತು ದಿನದ ಪ್ಯಾಕೇಜಿಗೆ 2,500, ಅದನ್ನು ಮುಂಗಡವಾಗಿಯೇ ಕೇಳುತ್ತಾರೆ, ವಾಪಸ್ ಇಲ್ಲ. ಇದು ನನಗೆ ಸರಿ ಕಾಣಲಿಲ್ಲ. ನಾಲ್ಕು ದಿನ ಜಾಸ್ತಿ ಹೋದೆ, ದಿನಕ್ಕೆ 300. ಒಟ್ಟು 4,100 ರೂಪಾಯಿ. ಆಟೋ ಬೇರೆ.

ಇದರಲ್ಲಿ ನನಗೆ ದುಡ್ಡಿಗೆ ಮೋಸ ಇಲ್ಲ ಅನ್ನಿಸಿದ್ದು ಕೊನೆಯ ದಿನ. ಒಂದು ಸ್ಟೂಲ್ ಎಳೆದು "ಮೆಷಿನ್ ಮುಂದೆ ಕೂತ ಹಾಗೆ ಕೂತು ತೋರಿಸಿ" ಅಂದರು. ಸೂಜಿ ನೋಡಲು ನಾನು ಬೆನ್ನು ಬಿಲ್ಲಿನ ಹಾಗೆ ಬಗ್ಗಿಸುತ್ತೇನಂತೆ, 23 ವರ್ಷದಲ್ಲಿ ಯಾರೂ ಹೇಳಿರಲಿಲ್ಲ. ಈಗ ಮೆಷಿನ್ನಿಗೆ ಮೋಟರ್ ಹಾಕಿಸಿದ್ದೇನೆ. ಸೂಜಿ ಹತ್ತಿರ ಸಣ್ಣ ಲೈಟು. ಊಟದ ಮೇಜಿನ ಕಾಲುಗಳಿಗೆ ಎರಡೆರಡು ಇಟ್ಟಿಗೆ ಕೊಟ್ಟು ಎತ್ತರಿಸಿ, ನಿಂತುಕೊಂಡೇ ಬಟ್ಟೆ ಕತ್ತರಿಸುತ್ತೇನೆ. ಮನೆಯವರು ತಟ್ಟೆ ಹಿಡಿದು ನೆಲದ ಮೇಲೆ ಕೂರುತ್ತಾರೆ. ಒಂದು ತೋಳು ಮುಗಿದರೆ ಎದ್ದು ನಿಲ್ಲುವುದು ಅಂತ ಲೆಕ್ಕ ಇಟ್ಟುಕೊಂಡಿದ್ದೇನೆ.

ಕಿರುಬೆರಳಿನ ಜೋಮು ಇನ್ನೂ ಪೂರ್ತಿ ಹೋಗಿಲ್ಲ. ತುದಿಬೆರಳ ಮೇಲೆ ಬಲಗಾಲು ಎಂಟಕ್ಕೆ ಬಂದಿದೆ.

ಐದಕ್ಕೆ ಮೂರೂವರೆ ಸ್ಟಾರ್. ಹೋಗುವವರು ಬೆಳಿಗ್ಗೆ ಹತ್ತಕ್ಕೆ ಮುಂಚೆ ಹೋಗಿ, ಆಗ ಮೇಡಂ ಐದು ನಿಮಿಷಕ್ಕಿಂತ ಜಾಸ್ತಿ ಸಿಗುತ್ತಾರೆ. ಸೀರೆ ಬೇಡ, ಚೂಡಿದಾರ್ ಹಾಕಿಕೊಳ್ಳಿ. ಕಾಲು ಎತ್ತಿಸುವಾಗ ಪರದೆ ಪೂರ್ತಿ ಮುಚ್ಚಲು ಹೇಳಿ, ಅದರ ಎರಡು ಕೊಕ್ಕೆ ಕಿತ್ತುಹೋಗಿದೆ.