ಐರಿಯಲ್ ಪ್ರೋ ಆ್ಯಪ್ ರಿವ್ಯೂ: ಜಾಝ್ ಕಾರ್ಡ್ಸ್ ತಲಿಗೆ ಹತ್ತಬೇಕಂದ್ರ ಇದು ಸಾಕೇನು?

ಐರಿಯಲ್ ಪ್ರೋ ತಗೊಂಡ್ರ ಜಾಝ್ ಬಾರ್ಸಾಕ ಬರ್ತೈತೇನ್ರಿ ಅಂತ ನಮ್ಮ ಆರ್ಕೆಸ್ಟ್ರಾ ಹುಡುಗ್ರು ಕೇಳಿ ಕೇಳಿ ಸಾಕಾಗೈತಿ, ಅದಕ್ಕ ಒಮ್ಮೆ ಪೂರ್ತಿ ಬರ್ದು ಹಾಕಿಬಿಡ್ತೀನಿ, ಇನ್ನ ಮ್ಯಾಲ ಕೇಳಿದವ್ರಿಗೆ ಇದನ್ನ ಕಳಿಸಿದ್ರ ಆತು. ಉತ್ತರ ಏನಂದ್ರ, ಬರಂಗಿಲ್ಲ. ಆದ್ರೂ ತಗೋರಿ. ಎರಡೂ ಖರೇನ.

ಗೊತ್ತಿಲ್ಲದವ್ರಿಗೆ ಹೇಳ್ತೀನಿ, ಇದ್ರಾಗ ಸ್ಕ್ರೀನ್ ಮ್ಯಾಲ ಬಾಕ್ಸ್ ಬಾಕ್ಸ್ ಮಾಡಿ ಕಾರ್ಡ್ಸ್ (ಒಮ್ಮೆಗೇ ಕೂಡಿ ಬಾರ್ಸೋ ಮೂರ್ನಾಲ್ಕು ಸ್ವರದ ಗುಂಪು) ಹೆಸರು ಬರ್ತಾವ, ಪ್ಲೇ ಒತ್ತಿದ್ರ ಪಿಯಾನೋ, ಬೇಸ್, ಡ್ರಮ್ಸ್ ಮೂರೂ ಕೂಡಿ ಆ ಕಾರ್ಡ್ಸ್ ಬಾರಿಸ್ಕೋತ ಹೋಗ್ತಾವ, ಮ್ಯಾಲ ನೀವು ಬಾರ್ಸಬೇಕು. ತಬಲಾದವ್ರಿಗೆ ಹಿಂದ ಸುತ್ತಿ ಸುತ್ತಿ ಬರೋ ಲೆಹರಾ ಟ್ಯೂನ್ ಹೆಂಗೋ ನಮಗ ಇದು ಹಂಗ. ಸ್ಪೀಡ್ ಕಡಿಮಿ ಹೆಚ್ಚು ಮಾಡಬಹುದು, ಸ್ಕೇಲ್ ಬದಲಿ ಮಾಡಬಹುದು, ಬರೇ ನಾಲ್ಕು ಬಾರ್ (ತಾಳದ ಒಂದೊಂದು ಸುತ್ತಿಗೆ ಬಾರ್ ಅಂತಾರ) ಆರ್ಸಿ ಅದನ್ನ ಲೂಪ್ ಹಾಕಿ ಕುಂದ್ರಬಹುದು. ಮೆಲೊಡಿ ಇರಂಗಿಲ್ಲ, ಬರೇ ಕಾರ್ಡ್ಸ್. ರೊಕ್ಕ ಒಮ್ಮೆ ಕೊಟ್ರ ಮುಗೀತು, ತಿಂಗ್ಳ ತಿಂಗ್ಳ ಕಟ್ಟೋ ಕಾಟ ಇಲ್ಲ, ಆದ್ರ ಹೆಚ್ಚಿನ ಸ್ಟೈಲ್ ಬೇಕಂದ್ರ ಬ್ಯಾರೆ ಕೊಳ್ಳಬೇಕು. ಹಾಡಿನ ಚಾರ್ಟ್ಸ್ ಬಳಸೋ ಮಂದಿನ ಹಾಕಿರ್ತಾರ, ಜಾಝ್ ಒಂದ ಸಾವಿರಕ್ಕೂ ಮ್ಯಾಲ ಅದಾವ, ಪುಕ್ಕಟೆ ಇಳಿಸ್ಕೋಬಹುದು. ಒಮ್ಮೆ ಇಳಿಸ್ಕೊಂಡ್ರ ನೆಟ್ ಬೇಕಾಗಂಗಿಲ್ಲ, ಅದೊಂದು ದೊಡ್ಡ ಉಪಕಾರ, ಯಾಕಂದ್ರ ಪ್ರೋಗ್ರಾಮಿಗೆ ಹೋಗೋ ಗಾಡಿ ಒಳಗ ಎಷ್ಟೋ ಹಳ್ಯಾಗ ಸಿಗ್ನಲ್ಲ ಇರಂಗಿಲ್ಲ.

ನಾನು ಬಾರ್ಸೋದು ಕೀಬೋರ್ಡ್, ಕೊಪ್ಪಳದಾಗ. ಗವಿಮಠದ ಜಾತ್ರಿಯಿಂದ ಹಿಡದು ಬ್ಯಾಸಿಗಿ ಮುಗಿಯೋತನ ಊರೂರು ರಸಮಂಜರಿ, ಮಳಿಗಾಲದಾಗ ಕೈ ಖಾಲಿ, ಆವಾಗ ಇಂಥಾ ಹುಚ್ಚು ಹಿಡಿತಾವ. ಶುರುವಿನ್ಯಾಗ ಕಲ್ತಿದ್ದು ಹಾರ್ಮೋನಿಯಂ, ಭಜನಿ ಪದಕ್ಕ. ಈ ಹಿನ್ನೆಲಿ ಯಾಕ ಹೇಳ್ತೀನಂದ್ರ, ಇಲ್ಲೆ ಇರೋ ಕೀಬೋರ್ಡ್‌ನವ್ರು ಬಹಳ ಮಂದಿ ನನ್ನಂಥವ್ರ. ಸಿಂಗರ್ ಬಂದು ಕರಿ ಎರಡು (ಎರಡನೇ ಕರಿ ಕೀ ಸ ಆಗಿರೋ ಸ್ಕೇಲ್) ಅಂದ್ಲು ಅಂದ್ರ ನಾವೇನ್ ಮಾಡ್ತೀವಿ, ಸ್ಕೇಲ್ ತಾನ ಸರಿಸೋ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಸಿ ಮೇಜರಿನ ಬೆಳ್ಳಾನ ಕೀ ಮ್ಯಾಲ ಇಡೀ ಹಾಡು ಹೊಡಿತೀವಿ. ನಾಚಿಗಿ ಏನಿಲ್ಲ, ಎಲ್ಲಾರೂ ಮಾಡೋದ, ಸ್ಟೇಜ್ ಮ್ಯಾಲ ಹಾಡಿಂದ ಹಾಡಿಗೆ ಅರ್ಧ ನಿಮಿಷ ಟೈಮ್ ಇರಂಗಿಲ್ಲ.

ಜಾಝ್ ಬಂದ್ರ ಆ ಬಟನ್ ಕೆಲಸ ಮಾಡಂಗಿಲ್ಲ. ಯಾಕಂದ್ರ ಸ್ಕೇಲು ಹಾಡಿನ ನಡುವ ಬದಲಾಗ್ತೈತಿ, ಅದೂ ನಾಲ್ಕೈದು ಬಾರ್‌ಗೊಮ್ಮೆ, ಕೆಲವು ಕಡೆ ಎರಡು ಬಾರ್‌ಗ. ನೀವು ಬಟನ್ ಒತ್ತೋದ್ರೊಳಗ ಅದು ಮುಂದಿನ ಊರು ಮುಟ್ಟಿರ್ತೈತಿ. ಈ ಕಾಂಪ್ಲೆಕ್ಸ್ ಕಾರ್ಡ್ ಪ್ರೊಗ್ರೆಷನ್ (ಕಾರ್ಡ್ಸ್ ಒಂದಾದ ಮ್ಯಾಲ ಒಂದು ಬರೋ ಸಾಲು) ಅಂತಾರಲ್ಲ, ಅದ್ರಾಗ ಕಾಂಪ್ಲೆಕ್ಸ್ ಅನ್ನೋದು ಕಾರ್ಡಿನ ಹೆಸರಿನ್ಯಾಗ ಇಲ್ಲ, ಫ್ಲ್ಯಾಟ್ ನೈನ್, ಶಾರ್ಪ್ ಇಲೆವೆನ್ ಇವೆಲ್ಲ ಮ್ಯಾಲಿನ ಒಗ್ಗರಣಿ, ಖರೇ ವಿಷಯ ಸ, ಅಂದ್ರ ಸ್ಕೇಲಿನ ಆಧಾರ ಸ್ವರ, ಎಲ್ಲಿಂದ ಎಲ್ಲಿಗೆ ಸರೀತು ಅನ್ನೋದು. ಹಿಂದೂಸ್ತಾನಿಯೊಳಗ ಮೂರ್ಛನಾ ಮಾಡ್ತಾರಲ್ಲ, ಇದ್ದ ಸ್ವರದಾಗ ಇನ್ನೊಂದನ್ನ ಸ ಅಂತ ಹಿಡಿಯೋದು, ಕಿವಿಗೆ ಬೇಕಾದ ತಯಾರಿ ಅದ. ಇಲ್ಲೆ ಮಾತ್ರ ಸ ಜೋಡಿ ಸುತ್ತಲಿನ ಸ್ವರಾನೂ ಬದಲಾಗ್ತಾವ.

ಆ್ಯಪ್ ಇದನ್ನ ಹೇಳಂಗಿಲ್ಲ, ನನ್ನ ಮುಖ್ಯ ತಕರಾರು ಇದ. ಅದು ಎಲ್ಲಾ ಬಾಕ್ಸೂ ಒಂದ ನಮೂನಿ ತೋರಿಸ್ತೈತಿ, ಇಲ್ಲಿಂದ ಇಲ್ಲಿತನ ಒಂದು ಗುಂಪು, ಇಲ್ಲೆ ಸ ಸರೀತು ಅಂತ ಗೆರಿ ಹೊಡ್ದು ಕೊಡಂಗಿಲ್ಲ. ಹೊಸಬ್ರು ಏನ್ ಮಾಡ್ತಾರ, ಒಂದೊಂದು ಬಾಕ್ಸಿಗೂ ಒಂದೊಂದು ಸ್ಕೇಲ್ ನೆನಪು ಮಾಡ್ಕೋತಾರ, ಬಾಕ್ಸ್ ಬಂತು ಸ್ಕೇಲ್ ಓಡ್ಸಿದ್ರು, ಮುಂದಿನ ಬಾಕ್ಸ್ ಬಂತು ಮತ್ತೊಂದು ಓಡ್ಸಿದ್ರು, ಕೇಳಾಕ ಟೈಪಿಂಗ್ ಕ್ಲಾಸಿನ ಪ್ರಾಕ್ಟೀಸ್ ಇದ್ದಂಗ ಇರ್ತೈತಿ. ನಾನು ಒಂದು ಆನ್‌ಲೈನ್ ಕೋರ್ಸಿಗೆ ರೊಕ್ಕ ಸುರಿದಿದ್ದೆ, ಹೆಸರು ಬ್ಯಾಡ, ಅಲ್ಲೂ ಇದ ಕಥಿ, ಡಾಮಿನೆಂಟ್ ಬಂದ್ರ ಆಲ್ಟರ್ಡ್ ಸ್ಕೇಲ್ ಹಾಕು, ಹಾಫ್ ಡಿಮಿನಿಷ್ಡ್ ಬಂದ್ರ ಲೋಕ್ರಿಯನ್ ಹಾಕು, ಯಾಕ ಅಂತ ಕೇಳಿದ್ರ ಮುಂದಿನ ಮಾಡ್ಯೂಲ್ ಖರೀದಿ ಮಾಡ್ರಿ.

ಬುಡದಿಂದ ಹೇಳಬೇಕಂದ್ರ ಟೂ ಫೈವ್ ಒನ್ ಒಂದನ್ನ ಹಿಡೀರಿ ಸಾಕು, ಅಂದ್ರ ಸ್ಕೇಲಿನ ಎರಡನೇ, ಐದನೇ, ಒಂದನೇ ಸ್ವರದಿಂದ ಶುರುವಾಗೋ ಮೂರು ಕಾರ್ಡ್ಸ್ ಸಾಲಾಗಿ. ಸಿ ಅನ್ನ ಸ ಅಂತ ಇಟ್ಕೋರಿ. ಡಿ ಮೈನರ್ ಸೆವೆನ್ ಅಂದ್ರ ರಿ ಮ ಧ ಸ. ಜಿ ಸೆವೆನ್ ಅಂದ್ರ ಪ ನಿ ರಿ ಮ. ಸಿ ಮೇಜರ್ ಸೆವೆನ್ ಅಂದ್ರ ಸ ಗ ಪ ನಿ. ಈಗ ಪ್ರತಿ ಕಾರ್ಡಿನ ಬುಡದ ಸ್ವರ ಒಂದು ಅಂತ ಸ್ಕೇಲಿನ್ಯಾಗ ಎಣಿಸಿ, ಮೂರನೇದು ಮತ್ತ ಏಳನೇದು ಅಷ್ಟ ತಗೋರಿ, ಉಳಿದಿದ್ದು ಬಿಡ್ರಿ. ಮೊದಲನೇದ್ರಾಗ ಮ, ಸ. ಎರಡನೇದ್ರಾಗ ನಿ, ಮ. ಮೂರನೇದ್ರಾಗ ಗ, ನಿ. ಕೈ ಇಟ್ಟು ನೋಡ್ರಿ, ಮೊದಲನೇ ಬದಲಾವಣಿಯೊಳಗ ಮ ಅಲ್ಲೇ ಕುಂತೈತಿ, ಸ ಒಂದು ಮೆಟ್ಲು ಇಳಿದು ನಿ ಆತು, ಎರಡನೇದ್ರಾಗ ನಿ ಅಲ್ಲೇ ಕುಂತೈತಿ, ಮ ಇಳಿದು ಗ ಆತು. ಎರಡೇ ಬೆರಳು, ಒಮ್ಮೆ ಒಂದು ಬೆರಳ ಅಷ್ಟ ಅಲುಗ್ತೈತಿ, ಇಡೀ ಪ್ರೊಗ್ರೆಷನ್ ಕಿವಿಗೆ ಕೇಳಿಸ್ತೈತಿ. ಗೈಡ್ ಟೋನ್ ಅಂತಾರ ಇದಕ್ಕ. ಆ್ಯಪಿನ್ಯಾಗ ನಿಮಿಷಕ್ಕ 60 ಬೀಟ್ ಸ್ಪೀಡ್ ಇಟ್ಟು ಬರೇ ಇದನ್ನ ಬಾರ್ಸ್ರಿ, ಸೋಲೊ ಗೀಲೊ ಏನೂ ಬ್ಯಾಡ, ಅಷ್ಟು ದೊಡ್ಡ ಬ್ಯಾಂಡಿನ ಮ್ಯಾಲ ನಿಮ್ಮ ಎರಡು ಸ್ವರ ಇಡೀ ಹಾಡಿನ ದಾರಿ ಹೇಳಿಬಿಡ್ತಾವ.

ಇಷ್ಟು ಕೂತ್ರ ಟ್ರೈಟೋನ್ ಸಬ್‌ಸ್ಟಿಟ್ಯೂಷನ್ ಅನ್ನೋ ಗುಮ್ಮನೂ ಬಿಚ್ಕೋತೈತಿ. ಜಿ ಸೆವೆನ್ ಜಾಗದಾಗ ಡಿ ಫ್ಲ್ಯಾಟ್ ಸೆವೆನ್ ಹಾಕ್ತಾರ. ಅದ್ರ ಸ್ವರ ಕೋಮಲ ರಿ, ಮ, ಕೋಮಲ ಧ, ನಿ. ಮೂರನೇದು ಏಳನೇದು ಯಾವ್ವು? ಮ ಮತ್ತ ನಿ. ಜಿ ಸೆವೆನ್ನಿಂದೂ ಅವ ಎರಡು! ಮನಿ ಮಂದಿ ಅವ್ರ, ಯಜಮಾನ ಅಷ್ಟ ಬ್ಯಾರೆ, ಮತ್ತ ಕೆಳಗ ಬೇಸು ರಿ, ಕೋಮಲ ರಿ, ಸ ಅಂತ ಒಂದೊಂದ ಮೆಟ್ಲು ಜಾರ್ಕೋತ ಬರ್ತೈತಿ. ಇದನ್ನ ಪುಸ್ತಕದಾಗ ಓದಿದ್ರ ತಲಿ ಕೆಡ್ತೈತಿ. ಆ್ಯಪಿನ್ಯಾಗ ಚಾರ್ಟ್ ಎಡಿಟ್ ಮಾಡಾಕ ಬರ್ತೈತಿ, ಜಿ ಸೆವೆನ್ ಅಳಿಸಿ ಡಿ ಫ್ಲ್ಯಾಟ್ ಸೆವೆನ್ ಬರ್ದು ಪ್ಲೇ ಒತ್ರಿ, ಬೇಸ್ ಜಾರೋದು ಕೇಳಿದ ಮ್ಯಾಲ ಮತ್ತ ಯಾರೂ ವಿವರ್ಸೋದು ಬೇಕಾಗಂಗಿಲ್ಲ. ಈ ಎಡಿಟ್ ಒಂದಕ್ಕ ಕೊಟ್ಟ ರೊಕ್ಕ ವಸೂಲಿ ಅಂತ ನನ್ನ ಲೆಕ್ಕ.

ಬೇಸ್ ಅಂದಕೂಡ್ಲೆ ನೆನಪಾತು, ಮೊಬೈಲ್ ಸ್ಪೀಕರಿನ್ಯಾಗ ಇದನ್ನ ಕೇಳಬ್ಯಾಡ್ರಿ. ಆ ಸಣ್ಣ ಸ್ಪೀಕರಿಗೆ ಬೇಸಿನ ಕೆಳಗಿನ ಸ್ವರ ಬರಂಗಿಲ್ಲ, ಬರೇ ಡ್ರಮ್ಸಿನ ಟಿಸ್ ಟಿಸ್ ಕೇಳಿಸ್ತೈತಿ, ಬುಡಾನ ಕೇಳಲಿಲ್ಲಂದ್ರ ಕಾರ್ಡ್ ಯಾವ್ದು ಅಂತ ಕಿವಿಗೆ ಹೆಂಗ ಗೊತ್ತಾಗಬೇಕು. ಇಯರ್‌ಫೋನ್ ಹಾಕ್ರಿ, ಇಲ್ಲಂದ್ರ ಆಕ್ಸ್ ಕೇಬಲ್ ಹಾಕಿ ಆರ್ಕೆಸ್ಟ್ರಾ ಮಿಕ್ಸರಿಗೆ ಕೊಡ್ರಿ. ಬ್ಲೂಟೂತ್ ಬ್ಯಾಡ, ಸೌಂಡ್ ತಡಾ ಆಗಿ ಬರ್ತೈತಿ, ಲೂಪ್ ಮ್ಯಾಲ ಬಾರ್ಸಬೇಕಾದ್ರ ಲಯ ಹತ್ತಂಗಿಲ್ಲ.

ಯಾವ ಹಾಡಿಂದ ಶುರು ಮಾಡ್ಬೇಕು ಅಂತ ಎಲ್ಲಾರೂ ಕೇಳ್ತಾರ. ಆಟಮ್ ಲೀವ್ಸ್. 1945ರಾಗ ಜೋಸೆಫ್ ಕೋಸ್ಮಾ ಮಾಡಿದ ಟ್ಯೂನ್ ಅದು, ಹುಟ್ಟಿದ್ದು ಫ್ರಾನ್ಸಿನ್ಯಾಗ, ಜಾಝ್‌ನವ್ರು ತಮ್ಮದ ಮಾಡ್ಕೊಂಡ್ರು. ಸಿ ಮೈನರ್ ಸೆವೆನ್, ಎಫ್ ಸೆವೆನ್, ಬಿ ಫ್ಲ್ಯಾಟ್ ಮೇಜರ್ ಸೆವೆನ್, ಇದು ಮೇಜರ್ ಟೂ ಫೈವ್ ಒನ್. ನಡುವ ಇ ಫ್ಲ್ಯಾಟ್ ಒಂದು ಸೇತುವಿ. ಆಮ್ಯಾಲ ಎ ಹಾಫ್ ಡಿಮಿನಿಷ್ಡ್, ಡಿ ಸೆವೆನ್, ಜಿ ಮೈನರ್, ಇದು ಮೈನರ್ ಟೂ ಫೈವ್ ಒನ್. ಇಡೀ ಹಾಡು ಈ ಎರಡ್ರ ಸುತ್ತಾನ ಸುತ್ತೈತಿ.

ಅದಾದ ಮ್ಯಾಲ ಆಲ್ ದಿ ಥಿಂಗ್ಸ್ ಯು ಆರ್, ಜೆರೋಮ್ ಕರ್ನ್ ಮಾಡಿದ್ದು, 1939. ಇಲ್ಲೆ ನೋಡ್ರಿ ನಾನು ಹೇಳಿದ್ದು ಎದ್ದು ಕಾಣೋದು. 36 ಬಾರ್ ಹಾಡು, ಚಾರ್ಟ್ ತೆರದ್ರ ಮೈ ಜುಮ್ ಅಂತೈತಿ. ಒಂದು ಹಾಳಿ ತಗೊಂಡು ಸ ಎಲ್ಲಿ ಐತಿ ಅಂತ ಅಷ್ಟ ಬರ್ಕೋತ ಹೋಗ್ರಿ. ಮೊದ್ಲ ಐದು ಬಾರ್ ಎ ಫ್ಲ್ಯಾಟ್, ಆಮ್ಯಾಲ ಮೂರು ಬಾರ್ ಸಿ. ಮತ್ತ ಅದ ನಕಲು ಬ್ಯಾರೆ ಜಾಗದಾಗ, ಐದು ಬಾರ್ ಇ ಫ್ಲ್ಯಾಟ್, ಮೂರು ಬಾರ್ ಜಿ. ನಡುವಿನ ಎಂಟ್ರಾಗ ನಾಲ್ಕು ಜಿ, ನಾಲ್ಕು ಇ. ಕೊನೀಗೆ 12 ಬಾರ್ ವಾಪಸ್ ಎ ಫ್ಲ್ಯಾಟ್. ಮುಗೀತು. ಐದು ಸ, ಅಷ್ಟ. ಚಾರ್ಟಿನ ಬಾಕ್ಸಿನ ಕೆಳಗ ಆ್ಯಪಿನ್ಯಾಗ ಟೆಕ್ಸ್ಟ್ ಬರಿಯಾಕ ಜಾಗ ಐತಿ, ಅಲ್ಲೂ ಬರೀಬಹುದು, ನನಗ ಮಾತ್ರ ಹಾಳಿ ಪೆನ್ನ ಸರಿ, ಬರ್ದಿದ್ದು ಕೈಗೆ ನೆನಪಿರ್ತೈತಿ.

ಎಲ್ಲಾರೂ ಹೆದ್ರೋ ಜಾಯಂಟ್ ಸ್ಟೆಪ್ಸ್ ಅನ್ನೋ ಹಾಡಿಗೂ ಇದ ಮದ್ದು. ಸ್ಯಾಕ್ಸೋಫೋನಿನ ಜಾನ್ ಕೋಲ್ಟ್ರೇನ್ 1959ರಾಗ ರೆಕಾರ್ಡ್ ಮಾಡಿದ್ದು, 16 ಬಾರಿನ್ಯಾಗ 26 ಕಾರ್ಡ್ಸ್, ಓಡೋ ಸ್ಪೀಡಿನ್ಯಾಗ. ಅದ್ರಾಗ ಸ ಮಾತ್ರ ಮೂರ, ಬಿ, ಜಿ, ಇ ಫ್ಲ್ಯಾಟ್, ಒಂದರಿಂದ ಇನ್ನೊಂದಕ್ಕ ಕರೆಕ್ಟ್ ನಾಲ್ಕು ಕೀ ದೂರ, ಉಳಿದ ಕಾರ್ಡ್ಸ್ ಎಲ್ಲಾ ಮುಂದಿನ ಸ ಕಡೆ ಕರ್ಕೊಂಡು ಹೋಗೋ ಫೈವ್, ಇಲ್ಲಾ ಟೂ ಫೈವ್. ಹಂಗಂತ ಸಲೀಸು ಅಲ್ರಿಪಾ. ಆ ರೆಕಾರ್ಡಿನ್ಯಾಗ ಪಿಯಾನೋ ಬಾರಿಸಿದ ಟಾಮಿ ಫ್ಲ್ಯಾನಗನ್ ಸಣ್ಣ ಕಲಾವಿದ ಏನಲ್ಲ, ಅವ್ರ ಸೋಲೊ ಅಲ್ಲೆ ತಡವರಿಸ್ಕೋತ ಹೋಗಿ ಕಡೀಗೆ ಬರೇ ಕಾರ್ಡ್ಸಿಗೆ ನಿಂತುಬಿಡ್ತೈತಿ, ಕೇಳಿದ್ರ ಯಾರಿಗಾದ್ರೂ ಗೊತ್ತಾಗ್ತೈತಿ. 1982ರಾಗ ಅವ್ರ ಅದ ಹೆಸರಿನ ಸ್ವಂತ ಆಲ್ಬಮ್ ಮಾಡಿ ಅದನ್ನ ಆರಾಮಾಗಿ ಬಾರಿಸಿದ್ರು. ನನಗ ಆ ವಿಷಯ ಬಹಳ ಸಮಾಧಾನ ಕೊಡ್ತೈತಿ ನೋಡ್ರಿ. ಆ್ಯಪಿನ್ಯಾಗ ಈ ಹಾಡನ್ನ 80ಕ್ಕ ಇಳಿಸಿ ಮೊದ್ಲಿನ ಮೂರು ಬಾರ್ ಅಷ್ಟ ಲೂಪ್ ಹಾಕ್ರಿ, ಮೂರೂ ಸ ಅಷ್ಟ್ರಾಗ ಬಂದು ಹೋಗ್ತಾವ.

ಇದೆಲ್ಲಾ ತಲಿನೋವು ಅನಿಸ್ತಂದ್ರ ಸೋ ವಾಟ್ ಅನ್ನೋ ಹಾಡು ಹಾಕ್ಕೋರಿ, ಟ್ರಂಪೆಟ್ಟಿನ ಮೈಲ್ಸ್ ಡೇವಿಸ್ ಅವ್ರದು, ಅದೂ 1959ರದ್ದ. ಕಾರ್ಡ್ಸ್ ಗದ್ಲ ಸಾಕಾಗಿ ಇವ್ರು ಉಲ್ಟಾ ಹೊಡೆದ್ರು, 16 ಬಾರ್ ಡಿ ಡೋರಿಯನ್, ಎಂಟು ಬಾರ್ ಇ ಫ್ಲ್ಯಾಟ್, ಮತ್ತ ಎಂಟು ಬಾರ್ ಡಿ. ಡೋರಿಯನ್ ಅಂದ್ರ ಯಾವ್ದೋ ಪರದೇಶದ್ದು ಅನ್ಕೋಬ್ಯಾಡ್ರಿ, ನಮ್ಮ ಕಾಫಿ ಥಾಟಿನ ಸ್ವರಾನ ಅವು, ಗ ನಿ ಕೋಮಲ. ಸ್ವರ ಅದ ಅಂತ ಕಾಫಿ ರಾಗದ ಪಕಡ್ (ರಾಗದ ಗುರುತಿನ ಸ್ವರದ ತುಣುಕು) ತಂದು ತುರುಕಿದ್ರ ಮಾತ್ರ ಭಜನಿ ಆಗ್ತೈತಿ, ಜಾಝ್ ಆಗಂಗಿಲ್ಲ, ಅಲ್ಲೆ ಲಯ ಸ್ವಿಂಗ್, ಅಂದ್ರ ತೂಗಾಡೋ ನಡಿಗಿ, ಇರ್ತೈತಿ. (ಕೋಲ್ಟ್ರೇನ್ ತನ್ನ ಮಗಗ ರವಿ ಅಂತ ಹೆಸರಿಟ್ಟಿದ್ದು ನಮ್ಮ ಸಿತಾರ್ ರವಿಶಂಕರ್ ಮ್ಯಾಲಿನ ಗೌರವಕ್ಕ, ಗೊತ್ತಿಲ್ಲದವ್ರು ಬಹಳ ಮಂದಿ ಅದಾರ.)

ಆ್ಯಪಿನ ಇನ್ನೊಂದು ಬಲ ಏನಂದ್ರ, ಪ್ರತಿ ಸುತ್ತಿಗೂ ಸ್ಕೇಲ್ ತಾನ ಸರಿಸೋ ಸೆಟ್ಟಿಂಗ್. ಟೂ ಫೈವ್ ಒನ್ ಹಾಕಿ ಸುತ್ತಿಗೊಮ್ಮೆ ನಾಲ್ಕನೇ ಸ್ವರಕ್ಕ ಏರಸ್ರಿ, 12 ಸ್ಕೇಲೂ ಒಂದಾದ ಮ್ಯಾಲ ಒಂದು ಬರ್ತಾವ, ಟ್ರಾನ್ಸ್‌ಪೋಸ್ ಬಟನ್ ಚಟ ಬಿಡಿಸಾಕ ಇದ್ರಂಥ ಔಷಧ ನಾ ಕಂಡಿಲ್ಲ. ಸ್ಪೀಡೂ ಹಂಗ ಸುತ್ತಿಗಿಷ್ಟು ಅಂತ ಏರಿಸ್ಕೋತ ಹೋಗ್ತೈತಿ.

ಕಮ್ಮಿ ಅನಿಸೋದು ಏನಂದ್ರ, ಸೌಂಡ್ ಮಿಷಿನ್ ಸೌಂಡ, ಜೀವ ಇಲ್ಲ. ಮತ್ತ ಅದು ನಿಮ್ಮನ್ನ ಕೇಳಂಗಿಲ್ಲ. ನೀವು ನಡುವ ಸುಮ್ನಾದ್ರ ಡ್ರಮ್ಮರ್ ಏನೂ ತುಂಬಿ ಕೊಡಂಗಿಲ್ಲ, ನೀವು ಮೆತ್ತಗ ಬಾರಿಸಿದ್ರೂ ಅದು ತನ್ನ ಪಾಡಿಗೆ ತಾನು. ನಮ್ಮ ಭಜನಿಯೊಳಗ ಹಾಡೋರು ಉಸಿರು ಎಳೆದ್ರ ತಬಲಾದವ್ನಿಗೆ ತಿಳೀತೈತಿ, ಆ ಮಜಾ ಇಲ್ಲಿಲ್ಲ. ಮೆಲೊಡಿ ಇಲ್ಲದ್ದಕ್ಕ ಮೊದ್ಲ ಒರಿಜಿನಲ್ ರೆಕಾರ್ಡ್ ಕೇಳಿ ಟ್ಯೂನ್ ಬಾಯಿಪಾಠ ಮಾಡ್ಲೇಬೇಕು, ಅದನ್ನ ಬಿಟ್ಟು ಸೀದಾ ಕಾರ್ಡ್ಸಿಗೆ ಕೂತ್ರ ಹಾಡಿನ ಮುಖ ನೋಡದ ಲಗ್ನ ಆದಂಗ. ಇನ್ನ ಸ್ಕ್ರೀನ್ ನೋಡೋ ಚಟ. ಬಾಕ್ಸ್ ಓಡೋದನ್ನ ಕಣ್ಣು ಹಿಂಬಾಲಿಸ್ತದಂದ್ರ ಕಿವಿ ನಿದ್ದಿ ಮಾಡ್ತೈತಿ, ಎರಡು ಮೂರು ಸುತ್ತು ಆದ ಮ್ಯಾಲ ಮೊಬೈಲ್ ಬೋರಲ ಹಾಕಿಬಿಡ್ರಿ.

ಒಟ್ಟು ಐದ್ರಾಗ ನಾಲ್ಕು. ಸ್ವರ, ಲಯ, ಸಾದಾ ಕಾರ್ಡ್ಸ್ ಇನ್ನೂ ಬರ್ದವ್ರು ಸದ್ಯಕ್ಕ ತಗೋಬ್ಯಾಡ್ರಿ, ಯಾರರ ಮುಂದ ಕುಂತು ಅದನ್ನ ಮೊದ್ಲ ಕಲೀರಿ. ಬೇಸ್ ಗಿಟಾರಿನವ್ರು ಮಿಕ್ಸರಿನ್ಯಾಗ ಬೇಸ್ ಸೊನ್ನಿಗೆ ಇಳಿಸಿ ಆ ಜಾಗದಾಗ ತಾವ ಬಾರ್ಸಬಹುದು, ಪಿಯಾನೋದವ್ರು ಪಿಯಾನೋ ಇಳಿಸ್ಕೋಬಹುದು. ಮದುವಿ ಬ್ಯಾಂಡ್ ಸೆಟ್ಟಿನ್ಯಾಗ ಕ್ಲಾರಿನೆಟ್, ಸ್ಯಾಕ್ಸೋಫೋನ್ ಊದೋ ಅಣ್ಣಂದಿರು ಕೇಳಿದ್ರು, ಅವ್ರಿಗೂ ಆಗ್ತೈತಿ, ಸೆಟ್ಟಿಂಗಿನ್ಯಾಗ ಬಿ ಫ್ಲ್ಯಾಟ್ ಇಲ್ಲಾ ಇ ಫ್ಲ್ಯಾಟ್ ವಾದ್ಯ ಅಂತ ಹಾಕಿದ್ರ ಚಾರ್ಟ್ ನಿಮ್ಮ ವಾದ್ಯದ ಲೆಕ್ಕಕ್ಕ ತೋರಿಸ್ತೈತಿ, ಸೌಂಡ್ ಮಾತ್ರ ಮೂಲ ಸ್ಕೇಲಿನ್ಯಾಗ ಬರ್ತೈತಿ, ಹಂಗಾಗಿ ಕೀಬೋರ್ಡಿನವ್ನ ಜೋಡಿ ಕೂಡಿ ಕುಂತ್ರೂ ತೊಂದ್ರಿ ಇಲ್ಲ.